ಮನಸ್ಸಿನ ರೋಗಿಯನ್ನೂ ಸಂದರ್ಶಿಸಿರಿ

ಆವನಿಯಂತಹ ಊರುಗಳಲ್ಲಿ ಯಾರಿಗಾದರೂ ಜ್ವರ ಬಂದರೆ ನೆರೆಯವರು ಗಂಜಿ ಹಿಡಿದು ಬರುತ್ತಾರೆ. ಮನಸ್ಸಿಗೆ ಕಾಯಿಲೆಯಾದರೆ ಆ ಮನೆಯತ್ತ ಸುಳಿಯುವವರು ವಿರಳ. ರೋಗಿಯನ್ನು ಸಂದರ್ಶಿಸುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಮನಸ್ಸಿನ ರೋಗಿಯನ್ನು ಅದರಿಂದ ಹೊರಗಿಡಲು ನಾವು ಯಾರು? 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಯಲ್ಲಿ ದೇಹ, ಮನಸ್ಸುಗಳ ರೋಗವನ್ನು ಸಮಾನವಾಗಿ ಕಾಣಬೇಕೆನ್ನುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಿಂದ ಮರಳಿದವನಿಗೆ ಮಾತ್ರೆ ಬೇಕು, ಜೊತೆಗೆ ಮನುಷ್ಯರೂ ಬೇಕು. ಅದೇ ಕಷ್ಟ ದಾಟಿದವರು ಪಕ್ಕದಲ್ಲಿ ಕುಳಿತು, "ನನಗೂ ಹೀಗಾಗಿತ್ತು, ಮಾತ್ರೆ ಬಿಡಬೇಡ ತಮ್ಮಾ" ಎಂದರೆ ಅವನಿಗೆ ಧೈರ್ಯ ಬರುತ್ತದೆ. ಈಮಾನ್ ಕಡಿಮೆಯೆಂದು ಅವನನ್ನು ದೂರಬೇಡಿರಿ. ಕೇಳಿದ್ದನ್ನು ಊರಿಗೆ ಸಾರಬೇಡಿರಿ. ಸಾಯುವ ಮಾತಾಡಿದರೆ ಮಾತ್ರ ಮುಚ್ಚಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.

ಗುಣವಾದ ಸಹೋದರ ಸಹೋದರಿಯರೇ, ನಿಮ್ಮ ಅನುಭವವೂ ಒಂದು ಅಮಾನತ್. ಅದನ್ನು ಹಕ್ಕುದಾರರಿಗೆ ತಲುಪಿಸಿರಿ.