ಚಿಕ್ಕ ಟ್ರ್ಯಾಕ್ಟರಿನ ಟೈರೂ ಅಡಕೆ ತೋಟದ ನೆಲವೂ

ಭದ್ರಾ ನಾಲೆಯ ನೀರು ಹರಿದು ಬಂದ ಮೇಲೆ ಚನ್ನಗಿರಿ ಸೀಮೆಯ ಬೇಸಾಯವು ಪಡೆದ ರೂಪಾಂತರವನ್ನು ಕಂಡವರಿಗೆ, ಬತ್ತ ಬೆಳೆಯುತ್ತಿದ್ದ ಗದ್ದೆಗಳೇ ಕ್ರಮಕ್ರಮವಾಗಿ ಅಡಕೆಯ ತೋಟಗಳಾದುದೂ, ಆ ತೋಟಗಳ ಸಾಲುಗಳ ನಡುವೆ ಎತ್ತಿನ ಬದಲಿಗೆ ಇಪ್ಪತ್ತು ಇಪ್ಪತ್ತೈದು ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರುಗಳು ಓಡಾಡತೊಡಗಿದುದೂ ಹೊಸ ಸಂಗತಿಗಳಲ್ಲ. ಆದರೆ ಇಂಥ ಯಂತ್ರವನ್ನು ಕೊಳ್ಳುವಾಗ ಇಂಜಿನಿನ ಶಕ್ತಿಯನ್ನೂ ಬೆಲೆಯನ್ನೂ ಸಾಲದ ಬಡ್ಡಿಯನ್ನೂ ಕೂಲಂಕಷವಾಗಿ ವಿಚಾರಿಸುವ ನಾವು, ಅದರ ಭಾರವನ್ನೆಲ್ಲ ಹೊತ್ತು ಹಗಲಿಡೀ ನೆಲವನ್ನು ತುಳಿಯತಕ್ಕ ಟೈರಿನ ವಿಷಯದಲ್ಲಿ ಮಾತ್ರ ಅಂಗಡಿಯವರು ಕೊಟ್ಟುದನ್ನೇ ಒಪ್ಪಿಕೊಂಡು ಸುಮ್ಮನಾಗುತ್ತೇವೆ. ನನ್ನ ತೋಟದ ಟ್ರ್ಯಾಕ್ಟರಿನ ಮೊದಲ ಟೈರುಗಳು ಸವೆದು ಹೊಸವನ್ನು ಹಾಕಿಸುವ ಕಾಲ ಒದಗಿದಾಗ ಈ ಕುರಿತು ಸಾವಕಾಶವಾಗಿ ಆಲೋಚಿಸುವ ಅವಕಾಶ ನನಗೆ ಲಭಿಸಿತು. ಆಗ ತಿಳಿದುಬಂದುದನ್ನು, ಅನಂತರದ ವರ್ಷಗಳ ಅನುಭವವು ದೃಢಪಡಿಸಿದಷ್ಟರ ಮಟ್ಟಿಗೆ, ಇಲ್ಲಿ ಬರೆಯುತ್ತಿದ್ದೇನೆ.

ವಿಚಾರಿಸಹೊರಟವನಿಗೆ ಎಲ್ಲ ಕಡೆಯಿಂದಲೂ ಬಂದ ಸಲಹೆ ಒಂದೇ. “ಗೌಡ್ರೆ, ಗದ್ದೆ ಟೈರೇ ಹಾಕ್ಸಿಬಿಡಿ, ಎಲ್ಲೂ ಹೂತ್ಕೊಳಲ್ಲ” ಎಂದರು ಪಂಕ್ಚರ್ ಅಂಗಡಿಯ ಹಿರಿಯರು. ಅವರ ಮಾತು ನಿರಾಧಾರವಾದುದಲ್ಲ. ಬತ್ತದ ಗದ್ದೆ ಮತ್ತು ಕಬ್ಬಿನ ಹೊಲಗಳಿಗೆಂದು ತಯಾರಾಗುವ ಆರ್-2 ವರ್ಗದ ಟೈರಿನಲ್ಲಿ, ನಮ್ಮವರು ಗ್ರಿಪ್ ಎಂದು ಕರೆಯುವ ಓರೆಯಾದ ಉಬ್ಬುಪಟ್ಟಿಗಳು ಸಾಧಾರಣವಾದ ಆರ್-1 ವರ್ಗದವಕ್ಕಿಂತ ಹೆಚ್ಚುಕಡಮೆ ಎರಡರಷ್ಟು ಎತ್ತರವಾಗಿದ್ದು, ಮೊಣಕಾಲುದ್ದದ ಕೆಸರಿನಲ್ಲಿಯೂ ಕೆಳಗಣ ಗಟ್ಟಿನೆಲವನ್ನು ಹುಡುಕಿ ಹಿಡಿಯಬಲ್ಲವು. ಗದ್ದೆಯನ್ನೇ ನಂಬಿದ ರೈತನಿಗೆ ಅದಕ್ಕಿಂತ ಯೋಗ್ಯವಾದುದು ಬೇರೆ ಇಲ್ಲ. ಆದರೆ ಅದೇ ಟೈರು ಡಾಂಬರು ರಸ್ತೆಯಲ್ಲಿ ಬಹುಬೇಗ ಸವೆಯುತ್ತದೆ, ಕುಳಿತವನ ಮೈಯನ್ನು ನಡುಗಿಸುತ್ತದೆ, ತೋಟದ ಹಸಿನೆಲದಲ್ಲಿ ಗಾಡಿಯನ್ನು ತಿರುಗಿಸಿದಾಗ ಮೇಲ್ಮಣ್ಣನ್ನು ಸೀಳಿಹಾಕುತ್ತದೆ. ಹುಲ್ಲುಹಾಸಿಗೆಂದು ಮಾಡಿದ ಆರ್-3 ವರ್ಗದ ಟೈರು ನೆಲಕ್ಕೆ ಅತ್ಯಂತ ಮೃದುವಾದರೂ ಎರೆಮಣ್ಣು ಅದರ ಸಂದುಗಳಲ್ಲಿ ಮೆತ್ತಿಕೊಂಡಿತೆಂದರೆ ನುಣ್ಣನೆಯ ಉರುಳೆಯಂತಾಗಿಬಿಡುತ್ತದೆ. ಮಣ್ಣು ತುಂಬುವ, ಕಲ್ಲು ಹೊರುವ ಕೆಲಸದವರಿಗೆ ಆರ್-4 ಇದೆ. ಅದರ ವಿಚಾರ ನಮಗೆ ಬೇಡ.

ಇಷ್ಟು ಬಗೆಗಳಲ್ಲಿ ಒಂದನ್ನು ಆರಿಸುವ ಮೊದಲು ನಾನು ಕೇಳಿಕೊಂಡ ಪ್ರಶ್ನೆ, ನನ್ನ ಟ್ರ್ಯಾಕ್ಟರು ವರ್ಷದ ಬಹುಕಾಲ ಮಾಡುವ ಕೆಲಸ ಯಾವುದು ಎಂಬುದು. ಉತ್ತರ ಸ್ಪಷ್ಟವಾಗಿತ್ತು: ಸಾಲುಗಳ ನಡುವೆ ರೋಟವೇಟರ್ ಹೊಡೆಯುವುದು, ಗೊಬ್ಬರವನ್ನೂ ಅಡಕೆಯ ಗೊನೆಯನ್ನೂ ಟ್ರೇಲರಿನಲ್ಲಿ ಸಾಗಿಸುವುದು. ನೇಗಿಲಾಗಲಿ ಕಲ್ಟಿವೇಟರಾಗಲಿ ನೆಲದಲ್ಲಿ ಹೂತು ಹಿಂದಕ್ಕೆ ಜಗ್ಗುವುದರಿಂದ, ಅದನ್ನು ಎಳೆಯುವ ಬಲವೆಲ್ಲವೂ ಟೈರಿನ ಹಿಡಿತದ ಮೂಲಕವೇ ಮಣ್ಣಿಗೆ ಇಳಿಯಬೇಕು. ಆದರೆ ರೋಟವೇಟರಿನ ಅಲಗುಗಳು ಗಾಲಿ ತಿರುಗುವ ದಿಕ್ಕಿನಲ್ಲಿಯೇ ತಿರುಗಿ ಮಣ್ಣನ್ನು ಹಿಂದಕ್ಕೆ ಕೆದರುತ್ತವೆಯಾದ ಕಾರಣ, ಅವು ಗಾಡಿಯನ್ನು ತಡೆಯುವುದಕ್ಕೆ ಬದಲಾಗಿ ಮುಂದಕ್ಕೆ ನೂಕುತ್ತವೆ. ಈ ಒಂದು ಸಂಗತಿಯನ್ನು ಮನಗಂಡ ಮೇಲೆ ಎತ್ತರವಾದ ಗ್ರಿಪ್ಪಿನ ಆಕರ್ಷಣೆ ನನ್ನಲ್ಲಿ ಬಹುಮಟ್ಟಿಗೆ ಕುಗ್ಗಿತು. ತೋಟದ ಟ್ರ್ಯಾಕ್ಟರಿಗೆ ಹಿಡಿತದ ಕೊರತೆಗಿಂತಲೂ ದೊಡ್ಡ ಚಿಂತೆ ಬೇರೊಂದುಂಟು. ಅದು ಅಡಕೆಯ ಬೇರು.

ಅಡಕೆಗೆ ತಾಯಿಬೇರಿಲ್ಲ. ಬುಡದಿಂದ ಹೊರಟ ನಾರುಬೇರುಗಳಲ್ಲಿ ಬಹುಪಾಲು, ಮರದ ಸುತ್ತಣ ಎರಡೂವರೆ ಅಡಿಯ ಒಳಗೆ, ಮೇಲ್ಮಣ್ಣಿನಲ್ಲಿಯೇ ಹಬ್ಬಿರುತ್ತವೆ. ಒಂಬತ್ತು ಅಡಿಗೊಂದು ಸಾಲು ಎಂಬ ಶಿಫಾರಸಿನಂತೆ ನೆಟ್ಟ ತೋಟದಲ್ಲಿ, ಎರಡೂ ಕಡೆಯ ಬೇರುಗಳಿಗೆ ಸಲ್ಲುವ ಜಾಗವನ್ನು ಕಳೆದರೆ, ಗಾಡಿ ನಿಶ್ಚಿಂತೆಯಿಂದ ಓಡಾಡಬಹುದಾದ ನೆಲ ನಡುವೆ ನಾಲ್ಕು ಅಡಿಯಷ್ಟು ಮಾತ್ರ ಉಳಿಯುತ್ತದೆ. ಚಿಕ್ಕ ಟ್ರ್ಯಾಕ್ಟರು ಈ ಸೀಮೆಗೆ ಬಂದುದೇ ಆ ನಾಲ್ಕು ಅಡಿಯಲ್ಲಿ ಹಿಡಿಯಬಲ್ಲುದೆಂಬ ಕಾರಣಕ್ಕೆ. ಆದುದರಿಂದ ಹಿಡಿತ ಹೆಚ್ಚಾಗಲೆಂದು ಹೊರಕ್ಕೆ ಚಾಚಿದ ಅಗಲವಾದ ಟೈರನ್ನು ಹಾಕಿಸುವುದು, ಬಂದ ಪ್ರಯೋಜನವನ್ನೇ ಕಳೆದುಕೊಂಡಂತೆ.

ಹಾಗೆಂದು ಟೈರು ಕಿರಿದಾದಷ್ಟೂ ಒಳ್ಳೆಯದೆಂದು ಭಾವಿಸಲಾಗದು. ಟೈರು ನೆಲದ ಮೇಲ್ಮೈಯನ್ನು ಒತ್ತುವ ಒತ್ತಡ ಅದರೊಳಗಣ ಗಾಳಿಯ ಒತ್ತಡಕ್ಕೆ ಹತ್ತಿರ ಹತ್ತಿರ ಸಮಾನವಾಗಿರುತ್ತದೆ, ಟೈರಿನ ಮೈಯ ಬಿರುಸಿನಿಂದ ಸ್ವಲ್ಪ ಹೆಚ್ಚಾಗುತ್ತದೆ ಎಂಬುದು ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಿಳಿವಳಿಕೆಯೆಂದು ನನ್ನ ಅಭಿಪ್ರಾಯ. ಕಿರಿದಾದ ಟೈರು ಅದೇ ಭಾರವನ್ನು ಹೊರಬೇಕಾದರೆ ಹೆಚ್ಚು ಗಾಳಿಯನ್ನು ಬೇಡುತ್ತದೆ. ಹೆಚ್ಚು ಗಾಳಿಯೆಂದರೆ ಮೇಲ್ಮಣ್ಣಿನ ಮೇಲೆ ಹೆಚ್ಚು ಒತ್ತಡ. ಅದರಿಂದ ಮಣ್ಣಿನ ಕಣಗಳ ನಡುವಣ ರಂಧ್ರಗಳು ಮುಚ್ಚಿ, ನೀರೂ ಗಾಳಿಯೂ ಒಳಗಿಳಿಯದೆ, ಬೇರು ಉಸಿರಾಡಲಾರದೆ ಕಷ್ಟಪಡುತ್ತದೆ. ಇದು ಒದ್ದೆ ಮಣ್ಣಿನಲ್ಲಿ ಎಷ್ಟೋ ಪಾಲು ತೀವ್ರ. ನಾಲೆಯ ನೀರು ಹಾಯಿಸಿದ ಮಾರನೆಯ ದಿನವೇ ಗಾಡಿಯನ್ನು ಒಳಗೆ ಬಿಡುವ ನಮ್ಮ ಆತುರವನ್ನು ಯಾವ ಟೈರೂ ಸರಿದೂಗಿಸಲಾರದು. ಮಣ್ಣು ಬಿಗಿಯುವುದರಲ್ಲಿ ಬಹುಭಾಗ ಗಾಲಿಯ ಮೊದಲ ಓಡಾಟದಲ್ಲಿಯೇ ಆಗಿಹೋಗುವುದರಿಂದ, ಗಾಲಿಯ ಜಾಡು ಒಮ್ಮೆ ಮೂಡಿದ ಮೇಲೆ ಸದಾ ಅದೇ ಜಾಡಿನಲ್ಲಿ ಹೋಗಿ ಬರುವುದೇ ಕ್ಷೇಮ. ಪ್ರತಿ ಸಲವೂ ಹೊಸ ಜಾಗವನ್ನು ತುಳಿದರೆ ತೋಟವೆಲ್ಲ ಬಿಗಿಯುತ್ತದೆ.

ಆದ್ದರಿಂದ ನನ್ನ ನಿರ್ಣಯವು, ನಾಲ್ಕು ಅಡಿಯೊಳಗೆ ಹಿಡಿಸುವ ಟೈರುಗಳಲ್ಲಿ ಅತ್ಯಂತ ಕಡಮೆ ಗಾಳಿಯಲ್ಲಿ ನನ್ನ ಗಾಡಿಯ ಭಾರವನ್ನು ಹೊರಬಲ್ಲುದು ಯಾವುದೋ ಅದನ್ನೇ ಆರಿಸುವುದೆಂಬುದಾಯಿತು. ಟೈರಿನ ತಯಾರಕರು ಕೊಡುವ ಭಾರ ಮತ್ತು ಗಾಳಿಯ ಕೋಷ್ಟಕವನ್ನು ಕೇಳಿ ಪಡೆದು ನೋಡಿದರೆ ಇದು ಕಷ್ಟವಲ್ಲ. ಹಿಂದಿನ ಟೈರಿನಲ್ಲಿ ತೋಟದ ಕೆಲಸಕ್ಕೆ 12ರಿಂದ 15 ಪೌಂಡಿನಷ್ಟು ಗಾಳಿ ಸಾಕಾಗುವ ಕಡೆಯೂ 25, 30 ಪೌಂಡು ತುಂಬಿಸಿಕೊಂಡು ಓಡಾಡುವವರನ್ನು ನಾನು ಬಲ್ಲೆ. ತುಂಬಿದ ಟ್ರೇಲರನ್ನು ರಸ್ತೆಯಲ್ಲಿ ಎಳೆಯುವಾಗ ಹೆಚ್ಚು ಗಾಳಿ ಅವಶ್ಯಕವೇ. ಆದರೆ ತೋಟಕ್ಕೆ ಹಿಂದಿರುಗಿದ ಮೇಲೆ ಅದನ್ನು ಇಳಿಸುವ ಅಭ್ಯಾಸವೂ ಅಷ್ಟೇ ಅವಶ್ಯಕ. ಗಾಳಿಯ ಮಾಪಕವೊಂದು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಸದಾ ಇರಬೇಕು.

ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಟ್ರ್ಯಾಕ್ಟರನ್ನು ಹೊಂದಿದವರು ಇನ್ನೊಂದು ವಿಷಯದಲ್ಲಿ ಅತ್ಯಂತ ಜಾಗರೂಕರಾಗಿರಬೇಕು. ಇಂಥ ಗಾಡಿಯಲ್ಲಿ ಮುಂದಿನ ಗಾಲಿ ಚಿಕ್ಕದು, ಹಿಂದಿನದು ದೊಡ್ಡದು. ಎರಡೂ ಒಂದೇ ವೇಗದಲ್ಲಿ ನೆಲವನ್ನು ಕ್ರಮಿಸುವಂತೆ, ಅಷ್ಟೇ ಅಲ್ಲ, ಮುಂದಿನದು ನೂರಕ್ಕೆ 1ರಿಂದ 5ರಷ್ಟು ಮುಂಚೂಣಿಯಲ್ಲಿದ್ದು ಗಾಡಿಯನ್ನು ತುಸು ಎಳೆಯುವಂತೆ, ಒಳಗಣ ಗೇರುಗಳ ಪ್ರಮಾಣವನ್ನು ಗೊತ್ತುಪಡಿಸಿರುತ್ತಾರೆ. ಒಂದು ಜೊತೆಯ ಅಳತೆಯನ್ನು ಮಾತ್ರ ಬದಲಾಯಿಸಿದರೆ, ಇಲ್ಲವೆ ಹಿಂದೆ ಹೊಸದನ್ನು ಹಾಕಿ ಮುಂದೆ ಪೂರ್ತಿ ಸವೆದುದನ್ನೇ ಉಳಿಸಿಕೊಂಡರೆ, ಈ ಸಾಮರಸ್ಯ ಕೆಡುತ್ತದೆ. ಗಾಲಿಗಳು ಒಂದರೊಡನೊಂದು ಕಾದಾಡುತ್ತವೆ. ಆ ಕಾದಾಟದ ಪೆಟ್ಟು ಗೇರುಗಳ ಮೇಲೂ ಮುಂದಿನ ಆಕ್ಸಲಿನ ಮೇಲೂ ಬೀಳುತ್ತದೆ. ಗಟ್ಟಿ ರಸ್ತೆಯಲ್ಲಿ ಮುಂದಿನ ಗಾಲಿಗಳ ಶಕ್ತಿಯನ್ನು ಬಿಡಿಸಿ ಓಡಿಸಬೇಕೆಂದು ಹೇಳುವುದೂ ಇದೇ ಕಾರಣದಿಂದ. ಹೊಸ ಟೈರಿನ ಸುತ್ತಳತೆಯನ್ನು ನಂಬಿಕೆಯ ಮೇಲೆ ಬಿಡದೆ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ನೇರವಾಗಿ ನಡೆಸಿ, ಗಾಲಿ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆಂಬುದನ್ನು ಟೇಪಿನಿಂದ ಅಳೆದುಕೊಂಡು, ಕೈಪಿಡಿಯಲ್ಲಿರುವ ಗೇರಿನ ಪ್ರಮಾಣದೊಡನೆ ಹೋಲಿಸುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅರ್ಧ ಗಂಟೆಯ ಕೆಲಸ. ಉಳಿಯುವುದು ದೊಡ್ಡ ರಿಪೇರಿಯ ಖರ್ಚು.

ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಸಂಖ್ಯೆಗಳನ್ನು ಓದಲು ಬಂದರೆ ಮೋಸಕ್ಕೆ ಅವಕಾಶ ಕಡಮೆ. 8.3-20 ಎಂದರೆ ಅಗಲ 8.3 ಅಂಗುಲ, ರಿಮ್ಮಿನ ವ್ಯಾಸ 20 ಅಂಗುಲ. ಪಿ.ಆರ್. ಎಂಬುದರ ಮುಂಚಿನ ಸಂಖ್ಯೆ ಟೈರಿನ ಬಲವನ್ನು ಸೂಚಿಸುತ್ತದೆಯೇ ಹೊರತು ಒಳಗೆ ಅಷ್ಟು ಪದರ ನೂಲು ಇದೆಯೆಂದಲ್ಲ. ನಾಲ್ಕು ಅಂಕೆಗಳ ಮುದ್ರೆಯಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕಡೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಸರಕು. ಅಂಗಡಿಯ ಬಿಸಿಲಲ್ಲಿ ಬಹುಕಾಲ ಒಣಗಿದ ರಬ್ಬರಿಗೆ ಹೊಸದರ ಬೆಲೆ ಕೊಡುವ ಅಗತ್ಯ ಯಾರಿಗೂ ಇಲ್ಲ. ಜೋಡಿಸುವಾಗ ಬಾಣದ ಗುರುತನ್ನು ಮರೆಯಬಾರದು: ಓರೆಪಟ್ಟಿಗಳ ನಡುತುದಿ ನೆಲವನ್ನು ಮೊದಲು ಮುಟ್ಟಿ, ಅಂಚು ಅನಂತರ ಮುಟ್ಟಿದರೆ ಮಾತ್ರ ಕೆಸರು ಇಬ್ಬದಿಗೂ ಸರಿದು ಟೈರು ತಾನಾಗಿ ಶುಚಿಯಾಗುತ್ತದೆ.

ಹಿಡಿತ ಸಾಲದೆಂದು ಟ್ಯೂಬಿಗೆ ನೀರು ತುಂಬಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ವಾಲ್ವು ಮೇಲಿರುವಂತೆ ಗಾಲಿಯನ್ನು ನಿಲ್ಲಿಸಿ ಅದರ ಮಟ್ಟದವರೆಗೆ ತುಂಬಿದರೆ ಮುಕ್ಕಾಲು ಪಾಲು ನೀರಾಗಿ, ಉಳಿದ ಗಾಳಿ ಆಘಾತವನ್ನು ತಾಳುತ್ತದೆ. ನೇಗಿಲು ಹೊಡೆಯುವ ಹೊಲಕ್ಕೆ ಅದು ಸರಿ. ತೋಟದೊಳಗೆ ಆ ಭಾರ ವ್ಯರ್ಥ, ಅಲ್ಲದೆ ಹಾನಿಕರ, ಏಕೆಂದರೆ ಮೇಲ್ಮಣ್ಣು ಬಿಗಿಯುವುದು ಗಾಳಿಯ ಒತ್ತಡದಿಂದಾದರೆ, ಆಳದ ಮಣ್ಣು ಬಿಗಿಯುವುದು ಗಾಡಿಯ ಒಟ್ಟು ಭಾರದಿಂದ, ಮತ್ತು ಆಳದಲ್ಲಿ ಬಿಗಿದುದನ್ನು ರೋಟವೇಟರು ಸಡಿಲಿಸಲಾರದು. ನಾನು ಹಿಂದೆಯೂ ಮುಂದೆಯೂ ಸಾಧಾರಣ ಆರ್-1 ಟೈರನ್ನೇ, ಮೂಲ ಅಳತೆಯಲ್ಲಿಯೇ, ನಾಲ್ಕನ್ನೂ ಒಟ್ಟಿಗೆ ಹಾಕಿಸಿ, ನೀರು ತುಂಬಿಸದೆ ನಡೆಸುತ್ತಿದ್ದೇನೆ. ಉಳಿಸಿಕೊಂಡಿರುವ ತುಂಡು ಗದ್ದೆಗೆ ಕೆಸರು ಹೊಡೆಯುವ ದಿನಗಳಲ್ಲಿ ಕಬ್ಬಿಣದ ಕೇಜ್ ವೀಲನ್ನು ಬಾಡಿಗೆಗೆ ತಂದು ಕಟ್ಟಿಸಿ, ಗದ್ದೆಯ ಬದುವಿನಲ್ಲಿಯೇ ಬಿಚ್ಚಿಸಿ, ಟ್ರೇಲರಿನಲ್ಲಿ ಹೇರಿ ಹಿಂದಿರುಗಿಸುತ್ತೇನೆ.