ಮಳೆಗಾಲದ ಬೆಂಕಿಗೆ ಬೇಸಿಗೆಯ ಕಟ್ಟಿಗೆ

ತಮ್ಮಾ, ನೀವಿಬ್ಬರೂ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಗೆ ಬಂದು ನೆಲೆಸಿದ್ದು ನನಗೆ ತುಂಬ ಸಂತೋಷ. ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, “ದೊಡ್ಡಪ್ಪಾ, ಬಚ್ಚಲೊಲೆಗೆ ಯಾವ ಮರದ ಕಟ್ಟಿಗೆ ತರಿಸಲಿ?” ಅಂತ. ಅದಕ್ಕೆ ಉತ್ತರ ಇದೆ, ಹೇಳುತ್ತೇನೆ. ಆದರೆ ಕಟ್ಟಿಗೆ ತಂದುಹಾಕುವವನನ್ನು ನೀನು ಮೊದಲು ಕೇಳಬೇಕಾದ್ದು ಬೇರೆ: ಯಾವಾಗ ಕಡಿದದ್ದು? ಒಳ್ಳೇ ಜಾತಿಯ ಹಸಿ ಕಟ್ಟಿಗೆಗಿಂತ ಸಾಧಾರಣ ಜಾತಿಯ ಒಣ ಕಟ್ಟಿಗೆ ಎಷ್ಟೋ ಮೇಲು. ಇದೊಂದನ್ನು ನಂಬಿದರೆ ಉಳಿದದ್ದನ್ನು ಕೈಯೇ ಕಲಿಸುತ್ತದೆ.

ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಹತ್ತು ಕಿಲೋ ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಐದು ಕಿಲೋ ಮರ, ಐದು ಲೀಟರ್ ನೀರು ಹಾಕಿದಂತಾಯಿತು. ಹಂಡೆಯ ನೀರು ಕಾಯುವ ಮುಂಚೆ ಒಲೆಯೊಳಗಿನ ಈ ನೀರು ಕುದಿದು ಆವಿಯಾಗಿ ಹೋಗಬೇಕು. ಒಂದು ಲೀಟರನ್ನು ಹಾಗೆ ಓಡಿಸಲು 600 ಕಿಲೋಕ್ಯಾಲೊರಿಗಿಂತ ಹೆಚ್ಚು ಶಾಖ ಬೇಕು. ಲೆಕ್ಕ ಹಾಕಿದರೆ ಮರದಲ್ಲಿರುವ ಶಾಖದ ಏಳರಲ್ಲೊಂದು ಪಾಲು ಅದಕ್ಕೇ ಖರ್ಚು. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಇನ್ನೊಂದಿದೆ. ಮರ ಕಾದಾಗ ಅದರಿಂದ ಉರಿಯುವ ಅನಿಲ ಹೊರಡುತ್ತದೆ; ನಾವು ನೋಡುವ ಜ್ವಾಲೆ ಅದರದ್ದೇ. ಒದ್ದೆ ಕಟ್ಟಿಗೆಯ ಒಲೆಯಲ್ಲಿ ಬಿಸಿ ಸಾಲದೆ ಆ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ಕಣ್ಣು ಉರಿಸಿ, ಕೆಮ್ಮು ಬರಿಸಿ, ಗೋಡೆಗೆ ಮಸಿ ಹಿಡಿಸಿ, ಮಾಡಿನ ಕೆಳಗೆ ಇಲ್ಲಣ ಕಟ್ಟುವುದು ಅದೇ. ನಮ್ಮ ಅಮ್ಮಂದಿರು, ಅಜ್ಜಿಯಂದಿರು ಆಷಾಢವಿಡೀ ಊದುಗೊಳವೆ ಹಿಡಿದು ಎದೆ ಸುಟ್ಟುಕೊಂಡರಲ್ಲ, ಅದರಲ್ಲಿ ಬಹಳಷ್ಟು ಹಸಿ ಕಟ್ಟಿಗೆಯ ಪಾಪ. ನಿಮ್ಮ ಮನೆಯಲ್ಲಿ ಅದು ಮುಂದುವರಿಯಬಾರದು.

ಒಣಗಿದ್ದನ್ನು ಗುರುತಿಸುವುದು ಕಷ್ಟವಲ್ಲ. ಕೊರೆದ ತುದಿಯನ್ನು ನೋಡು: ತಿರುಳಿನಿಂದ ಅಂಚಿನ ಕಡೆಗೆ ಬಿರುಕುಗಳು ಬಿಟ್ಟಿರಬೇಕು. ತೊಗಟೆ ಸಡಿಲವಾಗಿರಬೇಕು. ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ‘ಠಣ್’ ಅನ್ನುತ್ತದೆ, ಹಸಿಯದು ‘ದೊಪ್’ ಅನ್ನುತ್ತದೆ. ಹೊರಗೆ ಒಣಗಿದಂತೆ ಕಂಡರೂ ಅನುಮಾನ ಬಂದರೆ ಒಂದನ್ನು ಸೀಳಿ ಒಳಭಾಗವನ್ನು ಕೆನ್ನೆಗೆ ಮುಟ್ಟಿಸು. ತಣ್ಣಗೆ ಅಂಟಿದರೆ ಒಳಗೆ ನೀರಿದೆ. ಇನ್ನೂ ನಿಖರ ಬೇಕಾದರೆ ಒಂದು ಸೀಳಿಗೆ ಗುರುತು ಹಾಕಿ ತೂಕ ಬರೆದಿಡು. ಹದಿನೈದು ದಿನಕ್ಕೊಮ್ಮೆ ತೂಗು. ತೂಕ ಇಳಿಯುವುದು ನಿಂತಾಗ ಅದು ಒಲೆಗೆ ತಯಾರು. ಉರಿಯುವಾಗ ತುದಿಯಲ್ಲಿ ಬುಸುಗುಟ್ಟಿ ನೊರೆ ಉಕ್ಕಿದರೆ ನೀನು ಅವಸರಪಟ್ಟೆ ಎಂದರ್ಥ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಒಂದೇ ಬೇಸಿಗೆ ಸಿಗುವುದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜೂನ್ ಹಿಡಿದರೆ ಅಕ್ಟೋಬರ್‌ವರೆಗೆ ಹೊರಗೆ ಏನೂ ಒಣಗುವುದಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಕಡಿದು, ಶಿವರಾತ್ರಿಯೊಳಗೆ ಸೀಳಿ, ರೋಹಿಣಿ ಮಳೆ ಬೀಳುವ ಮೊದಲು ಕೊಟ್ಟಿಗೆಯೊಳಗೆ ಒಟ್ಟಿರಬೇಕು. ಸೀಳುವುದನ್ನು ಮಾತ್ರ ಮುಂದೂಡಬೇಡ. ತೊಗಟೆ ಸುತ್ತಿಕೊಂಡ ಇಡೀ ಕುಂಟೆಯಿಂದ ನೀರು ಎರಡು ತುದಿಗಳಿಂದಷ್ಟೇ ಹೊರಬರುತ್ತದೆ. ಸೀಳಿದ ಮೈಯಿಂದ ಎಲ್ಲ ಕಡೆಯಿಂದಲೂ ಆರುತ್ತದೆ. ಮುಂಗೈ ದಪ್ಪ ಸಾಕು. ಅಡಿಯಲ್ಲಿ ಕಲ್ಲಿಟ್ಟು, ಮೇಲೆ ಅಡಿಕೆ ದಬ್ಬೆ ಹಾಸಿ, ನೆಲದಿಂದ ಎತ್ತರಿಸಿ ಒಟ್ಟು. ಇಲ್ಲದಿದ್ದರೆ ಗೆದ್ದಲು ನಿನಗಿಂತ ಮುಂಚೆ ತಿನ್ನುತ್ತದೆ. ಸೀಳುಗಳ ನಡುವೆ ಗಾಳಿ ಆಡಲಿ. ಟಾರ್ಪಾಲಿನಿಂದ ನೆಲದವರೆಗೂ ಮುಚ್ಚಿಬಿಟ್ಟರೆ ಒಳಗಿನ ಆವಿ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ತಲೆಗೆ ಮಾತ್ರ ಮುಚ್ಚು, ಪಕ್ಕಗಳನ್ನು ಬಿಡು. ಒಮ್ಮೆ ಚೆನ್ನಾಗಿ ಒಣಗಿದ ಕಟ್ಟಿಗೆ ಇರಚಲಿಗೆ ನೆನೆದರೂ ಹೆದರಬೇಕಾಗಿಲ್ಲ, ಒಲೆಯ ಪಕ್ಕ ಎರಡು ದಿನ ಇಟ್ಟರೆ ಮತ್ತೆ ಆರುತ್ತದೆ. ಕತ್ತಲಲ್ಲಿ ಒಟ್ಟಿಲಿಗೆ ಕೈ ಹಾಕಬೇಡ. ಚೇಳು, ಹಾವಿಗೆ ಅದಕ್ಕಿಂತ ಬೆಚ್ಚನೆಯ ಜಾಗವಿಲ್ಲ.

ಈಗ ಜಾತಿಯ ವಿಚಾರ. ಒಣಗಿದ ಮೇಲೆ ತೂಕಕ್ಕೆ ತೂಕ ಇಟ್ಟರೆ ಎಲ್ಲ ಮರಗಳೂ ಹತ್ತಿರಹತ್ತಿರ ಒಂದೇ ಶಾಖ ಕೊಡುತ್ತವೆ. ವ್ಯತ್ಯಾಸ ಇರುವುದು ಮರದ ಸಾಂದ್ರತೆಯಲ್ಲಿ, ಎಂದರೆ ಅದೇ ಗಾತ್ರದ ಸೀಳಿನಲ್ಲಿ ಎಷ್ಟು ಮರ ಅಡಗಿದೆ ಎಂಬುದರಲ್ಲಿ. ಗಟ್ಟಿ ಮರ ನಿಧಾನವಾಗಿ ಉರಿದು ಕೆಂಡ ಉಳಿಸುತ್ತದೆ. ಹಗುರ ಮರ ಭಗ್ಗನೆ ಹೊತ್ತಿ ಬೂದಿಯಾಗುತ್ತದೆ. ಎರಡಕ್ಕೂ ಮನೆಯಲ್ಲಿ ಕೆಲಸವಿದೆ. ಕೊಳ್ಳುವಾಗ ಒಂದು ಮಾತು ನೆನಪಿಟ್ಟುಕೋ: ತೂಕದ ಮೇಲೆ ಕೊಡುತ್ತೇನೆಂದರೆ ಒಣಗಿದ್ದನ್ನೇ ಕೇಳು, ಇಲ್ಲದಿದ್ದರೆ ನೀರಿಗೆ ದುಡ್ಡು ಕೊಟ್ಟಂತೆ. ಲೋಡಿನ ಲೆಕ್ಕವಾದರೆ ಗಟ್ಟಿ ಜಾತಿಯನ್ನು ಆರಿಸು.

ಕಟ್ಟಿಗೆಯಾಗಿ ಬಂದ ಮರಕ್ಕೆ ಎಲೆ, ಹೂವು ಇರುವುದಿಲ್ಲ. ತೊಗಟೆ, ಬಣ್ಣ, ತೂಕ, ವಾಸನೆ ಇವೇ ಗುರುತು. ಮತ್ತಿಯನ್ನು ನೀನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ತೊಗಟೆ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಒಡೆದಿರುತ್ತದೆ. ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ರಾತ್ರಿ ಒಂದು ದಪ್ಪ ಕೊಳ್ಳಿಯನ್ನು ಬೂದಿಯಲ್ಲಿ ಹೂತಿಟ್ಟರೆ ಬೆಳಿಗ್ಗೆ ಕೆದಕಿ ಹೊತ್ತಿಸಬಹುದು. ತೊಗಟೆಯಲ್ಲಿ ಸುಣ್ಣದ ಅಂಶ ಜಾಸ್ತಿ, ಆದ್ದರಿಂದ ಬೂದಿಯೂ ಜಾಸ್ತಿ; ತೋಟಕ್ಕೆ ಒಳ್ಳೆಯದು. ನಂದಿಯ ತೊಗಟೆ ನಯವಾಗಿ ಬೆಳ್ಳಗಿದ್ದು ತೆಳು ಹಾಳೆಗಳಾಗಿ ಸುಲಿಯುತ್ತದೆ. ಜಂಬೆ ಕೈಗೆ ಸಿಕ್ಕಿದರೆ ತೂಕವೇ ಹೇಳುತ್ತದೆ, ಕೊಡಲಿಯೂ ಹೇಳುತ್ತದೆ. ಹುಣಾಲೂ ಒಳ್ಳೆಯದೇ, ಶಿರಸಿ ಕಡೆ ಅದನ್ನು ಕಿಂದಳ ಅನ್ನುತ್ತಾರೆ. ಶಿಕಾರಿಪುರದ ಕಡೆಯ ಒಣ ಕಾಡಿನ ದಿಂಡಿಗ ಇದ್ದಿಲಿಗೆ ಹೆಸರುವಾಸಿ. ಆದರೆ ಇವೆಲ್ಲ ಬೆಳೆಯಲು ಎರಡು ಮೂರು ತಲೆಮಾರು ಹಿಡಿಯುವ ಮರಗಳು. ಬಿದ್ದದ್ದು, ಒಣಗಿನಿಂತದ್ದು, ನಾಟಾ ಕೊಯ್ದುಳಿದ ತುಂಡು ಸಿಕ್ಕಿದರೆ ಬಳಸು. ಸ್ನಾನದ ನೀರಿಗಾಗಿ ನಿಂತ ಮತ್ತಿಯನ್ನು ಕಡಿಸಬೇಡ. ಹೊನ್ನೆ, ಬೀಟೆಯ ಚೇಗನ್ನು ಒಲೆಗೆ ತಳ್ಳುವುದಂತೂ ನನಗೆ ಸಹಿಸಲಾಗದ ಸಂಗತಿ. ಹೊನ್ನೆಗೆ ಗುರುತು ಸುಲಭ: ಹಸಿ ತೊಗಟೆಗೆ ಏಟು ಬಿದ್ದರೆ ರಕ್ತಗೆಂಪು ಅಂಟು ಒಸರುತ್ತದೆ.

ನಿನಗೆ ನಾನು ಹೇಳುವ ಮರ ಅಕೇಶಿಯಾ. ಅದನ್ನು ಬೈಯುವವರಲ್ಲಿ ನಾನೂ ಒಬ್ಬ. ಅರಣ್ಯ ಇಲಾಖೆಯೂ ಕಾಗದ ಕಾರ್ಖಾನೆಯೂ ಮಲೆನಾಡಿನ ಗುಡ್ಡ ಬಯಲುಗಳಲ್ಲಿ ಅದನ್ನು ಬೇಕಾಬಿಟ್ಟಿ ನೆಟ್ಟು, ಹುಲ್ಲುಗಾವಲನ್ನೂ ನಾಡ ಗಿಡಗಳನ್ನೂ ಹಿಂದೆ ತಳ್ಳಿಬಿಟ್ಟರು. ಆದರೆ ನೆಟ್ಟಾಗಿದೆ, ಬೇಗ ಬೆಳೆಯುತ್ತದೆ, ಸೌದೆಯಾಗಿ ಗಟ್ಟಿ. ಒಲೆಗೆ ಅದು ಹೋದಷ್ಟೂ ಕಾಡಿನ ಮರ ಉಳಿಯುತ್ತದೆ. ಸೀಳಿದಾಗ ಒಳಗೆ ಕಡುಕಂದು ಚೇಗು, ಸುತ್ತ ತೆಳುವಾದ ಹಳದಿ ಅಂಚು ಕಾಣುತ್ತದೆ. ಒಟ್ಟಿನಲ್ಲಿ ಸುರುಳಿ ಸುತ್ತಿದ ಕಾಯಿ ಸಿಕ್ಕರೆ ಅನುಮಾನವೇ ಬೇಡ. ನೀಲಗಿರಿಯೂ ಚೆನ್ನಾಗಿ ಉರಿಯುತ್ತದೆ. ಅದರ ಎಳೆಗಳು ತಿರುಚಿಕೊಂಡಿರುವುದರಿಂದ ಒಣಗಿದ ಮೇಲೆ ಸೀಳಲು ಹೋದರೆ ಬೆಣೆಯೇ ಸಿಕ್ಕಿಕೊಳ್ಳುತ್ತದೆ, ಹಸಿಯಿದ್ದಾಗಲೇ ಸೀಳಿಸು. ಕಾಫಿ ತೋಟದಿಂದ ಬರುವ ಸಿಲ್ವರ್ ಓಕ್ ಸಲೀಸಾಗಿ ಸೀಳುತ್ತದೆ, ಬೇಗ ಉರಿದುಹೋಗುತ್ತದೆ. ಬೆಂಕಿ ಏರಿಸಲು ಇಟ್ಟುಕೋ. ಕರಾವಳಿಯ ನೆಂಟರಿಗೆ ಗಾಳಿ ಮರವಿದೆ. 1868ರ ಸುಮಾರಿಗೆ ಕಾರವಾರದ ತೀರದಲ್ಲಿ ಅದನ್ನು ನೆಡಲು ಶುರುಮಾಡಿದ್ದೇ ಸೌದೆಗಾಗಿ, ಅದನ್ನು ಮೀರಿಸಿದ ಸೌದೆ ಕಡಿಮೆ. ಬಯಲುಸೀಮೆಯವರಿಗೆ ಜಾಲಿ, ಹುಣಸೆ ಉಂಟು.

ಬೂರುಗ, ಹಾಲವಾಣ, ನುಗ್ಗೆ ಇವು ಒಣಗಿದರೆ ಬೆಂಡು. ಒಲೆಗೆ ಹಾಕಿ ತಿರುಗುವಷ್ಟರಲ್ಲಿ ಮುಗಿದಿರುತ್ತವೆ. ಹೊತ್ತಿಸಲು ನಮಗೆ ಅಡಿಕೆ ಸೋಗೆ, ತೆಂಗಿನ ಗರಿ, ಕರಟ ಬೇಕಾದಷ್ಟಿದೆ. ಹಾಲಿನ ಪ್ಯಾಕೆಟ್, ಪ್ಲಾಸ್ಟಿಕ್ ಕೊಟ್ಟೆ, ಸೈಕಲ್ ಟೈರಿನ ತುಂಡು ಹಾಕಿ ಬಚ್ಚಲೊಲೆ ಹೊತ್ತಿಸುವ ಅಭ್ಯಾಸ ಊರಲ್ಲೆಲ್ಲ ಹಬ್ಬಿದೆ. ನಮ್ಮ ಮನೆಯಲ್ಲಿ ಅದು ಬೇಡವೇ ಬೇಡ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಕೂಡ ಬೇಡ, ಆ ಹೊಗೆ ವಿಷ. ಬಿದಿರನ್ನು ಸೀಳಿಯೇ ಹಾಕು. ಇಡಿಯಾಗಿ ಹಾಕಿದರೆ ಗಂಟಿನ ನಡುವಿನ ಗಾಳಿ ಕಾದು ಸಿಡಿದು ಕಿಡಿ ಹಾರುತ್ತದೆ. ಕಣಗಿಲೆಯ ಕಡ್ಡಿ ಯಾವ ಬೆಂಕಿಗೂ ಸಲ್ಲದು. ಕಾಡುಗೇರಿನ ಜಾತಿಯ ಮರ ಗುರುತಿಸುವುದನ್ನು ಊರಿನ ಹಿರಿಯರ ಜೊತೆ ಹೋಗಿಯೇ ಕಲಿ. ಕೊಚ್ಚಿದಲ್ಲಿ ಸೊನೆ ಕಪ್ಪಾಗಿದ್ದರೆ ದೂರ ಇರು. ಅದು ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಹೊಗೆಯೂ ಕೆಟ್ಟದ್ದು.

ಕಾಡಿಗೆ ಕಟ್ಟಿಗೆಗೆ ಹೋಗುವ ಕಾಲ ಮತ್ತು ಮಂಗನ ಕಾಯಿಲೆಯ ಕಾಲ ಒಂದೇ, ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವಂಥದ್ದು. ದರಕಲು ಒಟ್ಟುವವರು, ಕಟ್ಟಿಗೆ ಆರಿಸುವವರೇ ಅದಕ್ಕೆ ಹೆಚ್ಚು ಸಿಕ್ಕುತ್ತಾರೆ. ಮೈತುಂಬ ಬಟ್ಟೆ ಹಾಕಿಕೋ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೋ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕು. ಮಂಗ ಸತ್ತ ಜಾಗದ ಹತ್ತಿರ ಸುಳಿಯಬೇಡ, ಆಸ್ಪತ್ರೆಗೆ ತಿಳಿಸು. ನಮ್ಮದೇ ಜಾಗದ ಮರವಾದರೂ ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ಕೇಳು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಎಲ್ಲಕ್ಕೂ ಇಲ್ಲ.

ಒಲೆಯ ಬಗ್ಗೆಯೂ ಒಂದು ಲೆಕ್ಕ. ಹಂಡೆಯ 40 ಲೀಟರ್ ನೀರನ್ನು 40 ಡಿಗ್ರಿ ಏರಿಸಲು ಬೇಕಾದ ಶಾಖ 1,600 ಕಿಲೋಕ್ಯಾಲೊರಿ. ಅರ್ಧ ಕಿಲೋ ಒಣ ಕಟ್ಟಿಗೆಯಲ್ಲಿ ಅಷ್ಟಿದೆ. ಮೂರು ಕಲ್ಲಿನ ತೆರೆದ ಒಲೆ ಅದಕ್ಕೆ ನಾಲ್ಕೈದು ಕಿಲೋ ತಿನ್ನುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡದವರು ಇದನ್ನೇ ಯೋಚಿಸಿ, ಹೊಗೆಕೊಳವೆ ಇರುವ ಅಸ್ತ್ರ ಒಲೆ ಮಾಡಿದರು. ನಿಮ್ಮ ಬಚ್ಚಲೊಲೆಗೆ ಹೊಗೆಕೊಳವೆ ಕೂರಿಸು, ಹಂಡೆಯ ಸುತ್ತ ಜ್ವಾಲೆ ತಾಗುವಂತೆ ಕಟ್ಟಿಸು, ಬಾಯಿ ಚಿಕ್ಕದು ಮಾಡಿಸು. ವರ್ಷಕ್ಕೊಮ್ಮೆ ಕೊಳವೆಯ ಮಸಿ ಕೆರೆಸಬೇಕು, ಇಲ್ಲದಿದ್ದರೆ ಒಳಗೇ ಬೆಂಕಿ ಹತ್ತುವ ಅಪಾಯವಿದೆ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ಮಾಘದಲ್ಲಿ ನಮ್ಮ ಮನೆಗೆ ಕೂಸು ಬರುವುದಿದೆ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡಬೇಕು, ಗಾಳಿ ಆಡಬಾರದು ಎಂದು ಹಿರಿಯರು ಹೇಳಿಯೇ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೊಗೆಯಿಲ್ಲದ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಎಷ್ಟು ಒಳ್ಳೇ ಕಟ್ಟಿಗೆಯ ಕೆಂಡವಾದರೂ ಅಷ್ಟೇ. ಬಚ್ಚಲಿನಲ್ಲಿ ಬಿಸಿನೀರು ಧಾರಾಳವಾಗಿರಲಿ, ಕೂಸಿಗೆ ಕುಂಚಿಗೆ, ಕಂಬಳಿ ಇರಲಿ. ಕೋಣೆ ಬೆಚ್ಚಗಾಗಬೇಕೆಂದರೆ ಕಿಟಕಿ ತೆರೆದಿಟ್ಟು, ಎಚ್ಚರವಿದ್ದವರು ಪಕ್ಕದಲ್ಲಿದ್ದು, ಸ್ವಲ್ಪ ಹೊತ್ತು ಅಗ್ಗಿಷ್ಟಿಕೆ ಇಡಿ. ಮಲಗುವ ಮುಂಚೆ ಅದನ್ನು ನೀನೇ ಎತ್ತಿ ಅಂಗಳಕ್ಕೆ ತಂದಿಡು, ಯಾರು ಏನೇ ಅಂದರೂ. ದೊಡ್ಡಪ್ಪ ಹೇಳಿದ್ದಾರೆ ಅನ್ನು.