ಕಫದ ಕೆಮ್ಮು: ಮನೆಮದ್ದು ಎಲ್ಲಿಯವರೆಗೆ?

ಆಷಾಢದ ಗಾಳಿ ಬೀಸಿ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಮನೆಮನೆಯಲ್ಲೂ ಕೆಮ್ಮಿನ ಸದ್ದು ಕೇಳತೊಡಗುತ್ತದೆ. ಇಪ್ಪತ್ತು ಕಿಲೋಮೀಟರ್ ಆಚೆಗಿನ ಹುಬ್ಬಳ್ಳಿಯಲ್ಲಿ ಮಳೆ ಕಡಿಮೆ, ಧೂಳು ಹೆಚ್ಚು. ಅಲ್ಲಿ ಕೆಮ್ಮಿಗೆ ಮಳೆಗಾಲವೇ ಬರಬೇಕೆಂದಿಲ್ಲ. ಅಗೆದು ಬಿಟ್ಟ ರಸ್ತೆ, ವಾಹನಗಳ ಹೊಗೆ, ಬೇಸಿಗೆಯ ಒಣಗಾಳಿ ಇಷ್ಟೇ ಸಾಕು. ಮನೆಯಲ್ಲಿ ಒಬ್ಬರು ಕೆಮ್ಮಲು ಶುರು ಮಾಡಿದೊಡನೆ ಅಜ್ಜಿ ಕಷಾಯಕ್ಕೆ ನೀರಿಡುತ್ತಾರೆ, ಮಗ ಔಷಧ ಅಂಗಡಿಯಿಂದ ಒಂದು ಬಾಟಲಿ ಸಿರಪ್ ತರುತ್ತಾನೆ, ಪಕ್ಕದ ಮನೆಯವರು ತಮ್ಮಲ್ಲಿ ಉಳಿದಿದ್ದ ನಾಲ್ಕು ಗುಳಿಗೆ ಕೊಟ್ಟು ಹೋಗುತ್ತಾರೆ. ಈ ಮೂರರಲ್ಲಿ ಅಜ್ಜಿಯ ಕಷಾಯವೇ ಎಷ್ಟೋ ಮೇಲು. ಆದರೆ ಅದನ್ನು ಎಷ್ಟು ದಿನದವರೆಗೆ ನಂಬಬೇಕು ಎಂಬುದು ಗೊತ್ತಿರಬೇಕು.

ಮೊದಲು ಕಫ ಎಂದರೇನು ನೋಡೋಣ. ನಮ್ಮ ಶ್ವಾಸನಾಳಗಳ ಒಳಮೈ ಸದಾ ತೆಳುವಾದ ಲೋಳೆಯಿಂದ ಒದ್ದೆಯಾಗಿರುತ್ತದೆ. ಉಸಿರಿನ ಜೊತೆ ಒಳಹೋದ ಧೂಳು, ಹೊಗೆಯ ಕಣ, ರೋಗಾಣು ಎಲ್ಲವೂ ಅದಕ್ಕೆ ಅಂಟಿಕೊಳ್ಳುತ್ತವೆ. ಲೋಳೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಜೋಳದ ಹೊಲ ತೂಗಿದಂತೆ ಅವು ಒಂದೇ ದಿಕ್ಕಿಗೆ ಬಡಿಯುತ್ತ ಲೋಳೆಯನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ. ಹಾಗೆ ಮೇಲೆ ಬಂದದ್ದನ್ನು ನಾವು ಅರಿವಿಲ್ಲದೆ ನುಂಗಿಬಿಡುತ್ತೇವೆ. ನೆಗಡಿಯ ವೈರಸ್ಸು ತಗಲಿದಾಗ ಈ ಲೋಳೆ ಹೆಚ್ಚುತ್ತದೆ, ಗಟ್ಟಿಯಾಗುತ್ತದೆ, ರೋಮಗಳಿಗೆ ಅದನ್ನು ತಳ್ಳಲಾಗುವುದಿಲ್ಲ. ಆಗ ಶರೀರ ಕೆಮ್ಮಿನ ಮೂಲಕ ಅದನ್ನು ಹೊರಗೆ ಹಾಕುತ್ತದೆ.

ಆದ್ದರಿಂದ ಕಫದ ಕೆಮ್ಮನ್ನು ಒಮ್ಮೆಲೇ ನಿಲ್ಲಿಸಲು ಹೋಗಬಾರದು. ಕೊಡೀನ್‌ನಂಥ ಕೆಮ್ಮು ಅಡಗಿಸುವ ಔಷಧಗಳನ್ನು ಕುಡಿದರೆ ಮನೆಯವರಿಗೆ ಒಂದು ರಾತ್ರಿ ನಿದ್ದೆ ಬರಬಹುದು, ಕಫ ಮಾತ್ರ ಎದೆಯಲ್ಲೇ ಉಳಿಯುತ್ತದೆ. ಒಣಕೆಮ್ಮಿನ ಔಷಧ ಬೇರೆ, ಕಫದ ಕೆಮ್ಮಿನದು ಬೇರೆ ಎಂಬುದನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಯಾರೂ ವಿಚಾರಿಸುವುದಿಲ್ಲ.

ಕಾರಣಗಳು ಹಲವು

ಬಹುತೇಕ ಕಫದ ಕೆಮ್ಮಿಗೆ ಮೂಲ ನೆಗಡಿ ಮತ್ತು ಅದರ ಬೆನ್ನಿಗೆ ಬರುವ ಶ್ವಾಸನಾಳದ ಉರಿಯೂತ. ಇದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ವೈರಸ್ಸಿನಿಂದ ಬಂದದ್ದು, ಆ್ಯಂಟಿಬಯೋಟಿಕ್ ಗುಳಿಗೆಗೆ ಬಗ್ಗುವಂಥದ್ದಲ್ಲ. ಇಲ್ಲೊಂದು ಲೆಕ್ಕ ನೆನಪಿಡಿ. ಇಂಥ ಕೆಮ್ಮು ಒಂದು ವಾರದಲ್ಲಿ ಹೋಗಬೇಕೆಂದು ಜನ ಎಣಿಸುತ್ತಾರೆ. ಪರೀಕ್ಷಿಸಿ ನೋಡಿದಾಗ ಅದು ಸರಾಸರಿ ಎರಡೂವರೆ ವಾರ ಇರುತ್ತದೆಂದು ತಿಳಿದುಬಂದಿದೆ. ಎಂಟನೆಯ ದಿನಕ್ಕೆ ಗಾಬರಿಯಾಗಿ ಗುಳಿಗೆ ನುಂಗಿದವರು ಹದಿನೆಂಟನೆಯ ದಿನ ಕೆಮ್ಮು ನಿಂತಾಗ ಗುಳಿಗೆಗೆ ಕೈಮುಗಿಯುತ್ತಾರೆ!

ಮೂಗಿನ ಹಿಂಬದಿಯಿಂದ ಸಿಂಬಳ ಗಂಟಲಿಗೆ ಇಳಿಯುವುದು ಇನ್ನೊಂದು ಸಾಮಾನ್ಯ ಕಾರಣ. ಮಲಗಿದೊಡನೆ ಮತ್ತು ಬೆಳಿಗ್ಗೆ ಎದ್ದೊಡನೆ ಈ ಕೆಮ್ಮು ಜಾಸ್ತಿ. ದಮ್ಮು ಇದ್ದವರಿಗೆ ನಡುರಾತ್ರಿಯ ನಂತರ ಸುಂಯ್ ಎಂಬ ಸದ್ದಿನೊಂದಿಗೆ ಕೆಮ್ಮು ಏಳುತ್ತದೆ, ಅಂಟಂಟಾದ ಬಿಳಿಯ ಕಫ ಬೀಳುತ್ತದೆ.

ಬೀಡಿ, ಸಿಗರೇಟು ಸೇದುವವರ ಕತೆ ಬೇರೆ. ತಂಬಾಕಿನ ಹೊಗೆ ಮೇಲೆ ಹೇಳಿದ ರೋಮಗಳನ್ನು ಮರಗಟ್ಟಿಸಿ, ಕ್ರಮೇಣ ಉದುರಿಸಿಬಿಡುತ್ತದೆ. ರಾತ್ರಿಯಿಡೀ ಸೇರಿಕೊಂಡ ಕಫವನ್ನು ಬೆಳಿಗ್ಗೆ ಬಚ್ಚಲಲ್ಲಿ ನಿಂತು ಕೆಮ್ಮಿ ತೆಗೆಯಬೇಕಾಗುತ್ತದೆ. ವರ್ಷಕ್ಕೆ ಮೂರು ತಿಂಗಳಂತೆ ಸತತ ಎರಡು ವರ್ಷ ಹೀಗೆ ಕಫ ಬಿದ್ದರೆ ಅದು ದೀರ್ಘಕಾಲದ ಬ್ರಾಂಕೈಟಿಸ್. ತಂಬಾಕು ಮುಟ್ಟದ ಹೆಣ್ಣುಮಕ್ಕಳಿಗೂ ಇದು ಬರುತ್ತದೆ. ಇಪ್ಪತ್ತು ಮೂವತ್ತು ವರ್ಷ ಹೊಗೆ ಹೋಗಲು ದಾರಿಯಿಲ್ಲದ ಅಡಿಗೆಮನೆಯಲ್ಲಿ ಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ರೊಟ್ಟಿ ಬಡಿದವರ ಶ್ವಾಸಕೋಶ ಬೀಡಿ ಸೇದಿದವರದರಂತೆಯೇ ಆಗಿರಬಹುದು. ಈಗ ಅಡಿಗೆ ಗ್ಯಾಸಿನ ಮೇಲಾದರೂ ಬಚ್ಚಲ ಒಲೆಗೆ ಹಲವೆಡೆ ಕಟ್ಟಿಗೆಯೇ ಉರಿಯುತ್ತದೆ. ಹಿಟ್ಟಿನ ಗಿರಣಿ, ಹತ್ತಿ ಜಿನ್ನು, ಕಲ್ಲಿನ ಕ್ವಾರಿಗಳಲ್ಲಿ ದುಡಿಯುವವರು ತಮ್ಮ ಕೆಲಸವನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು.

ಕಫದ ಬಣ್ಣ

ಕಫ ಹಳದಿ ಅಥವಾ ಹಸಿರಾಯಿತೆಂದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆ ಬಣ್ಣ ಬರುವುದು ರೋಗಾಣುವಿನೊಂದಿಗೆ ಹೋರಾಡಿದ ನಮ್ಮದೇ ಬಿಳಿ ರಕ್ತಕಣಗಳಿಂದ. ಸಾದಾ ವೈರಸ್ ನೆಗಡಿಯಲ್ಲೂ ನಾಲ್ಕನೆಯ, ಐದನೆಯ ದಿನ ಕಫ ಹಸಿರಾಗುವುದುಂಟು. ಆದರೆ ಕೆಲವು ಬಣ್ಣಗಳನ್ನು ಕಂಡರೆ ಕಾಯಬಾರದು. ಚಳಿಜ್ವರ, ಪಕ್ಕೆನೋವಿನ ಜೊತೆ ತುಕ್ಕಿನ ಬಣ್ಣದ ಕಫ ಬಿದ್ದರೆ ನ್ಯುಮೋನಿಯಾ ಇರಬಹುದು. ನಸುಗೆಂಪು ನೊರೆನೊರೆಯಾದ ಕಫ, ಅಂಗಾತ ಮಲಗಲಾಗದಷ್ಟು ಉಬ್ಬಸ ಇದ್ದರೆ ತೊಂದರೆ ಹೃದಯದ್ದಿರಬಹುದು. ಅದು ಆ ಕ್ಷಣವೇ ಆಸ್ಪತ್ರೆಗೆ ಹೋಗುವ ವಿಷಯ. ದಿನವೂ ಬಟ್ಟಲು ತುಂಬುವಷ್ಟು ದುರ್ವಾಸನೆಯ ಕಫ ಬೀಳುತ್ತಿದ್ದರೆ ಶ್ವಾಸನಾಳಗಳು ಹಿಗ್ಗಿ ಹಾಳಾಗಿರುವ ಸಂಭವವಿದೆ. ರಕ್ತ ಒಂದೇ ಒಂದು ಗೆರೆಯಷ್ಟು ಕಂಡರೂ ತೋರಿಸಲೇಬೇಕು.

ಮನೆಯಲ್ಲಿ ಏನು ಮಾಡಬಹುದು?

ಎಲ್ಲಕ್ಕಿಂತ ದೊಡ್ಡ ಔಷಧ ನೀರು. ಬೆಚ್ಚಗಿನ ನೀರು, ತಿಳಿಸಾರು, ಗಂಜಿ ಆಗಾಗ ಕುಡಿಯುತ್ತಿದ್ದರೆ ಗಂಟಲು ಹದವಾಗಿ, ಕಫ ಸಡಿಲವಾಗಲು ಅನುಕೂಲವಾಗುತ್ತದೆ. ಹೃದಯ, ಮೂತ್ರಪಿಂಡದ ತೊಂದರೆಗಾಗಿ ನೀರು ಕಡಿಮೆ ಕುಡಿಯಲು ಹೇಳಿಸಿಕೊಂಡವರು ಮಾತ್ರ ತಮ್ಮ ಅಳತೆ ಮೀರಬಾರದು. ಒಂದು ಲೋಟ ಬಿಸಿನೀರಿಗೆ ಅರ್ಧ ಚಹಾ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಗಂಟಲು ಮುಕ್ಕಳಿಸಿದರೆ ಕೆರೆತ ಕಡಿಮೆಯಾಗುತ್ತದೆ.

ಕಷಾಯಕ್ಕೆ, ನಮ್ಮ ಕಡೆ ‘ಅಲ್ಲ’ ಎನ್ನುವ ಹಸಿಶುಂಠಿ ಒಂದು ಇಂಚು, ಐದಾರು ಕಾಳುಮೆಣಸು, ಎಂಟು ಹತ್ತು ತುಳಸಿ ಎಲೆ, ಚಿಟಿಕೆ ಅಜವಾನ ಜಜ್ಜಿ ಎರಡು ಕಪ್ಪು ನೀರಿಗೆ ಹಾಕಿ ಒಂದು ಕಪ್ಪಿಗೆ ಇಳಿಸಿ. ಬೇಕಾದರೆ ತುಸು ಬೆಲ್ಲ. ಅರ್ಧ ಕಪ್ಪಿನಂತೆ ದಿನಕ್ಕೆ ಎರಡು ಸಲ ಸಾಕು. 2020ರ ಕೊರೊನಾ ಕಾಲದಲ್ಲಿ ದಿನಕ್ಕೆ ಐದಾರು ಸಲ ಕುಡಿದು ಹೊಟ್ಟೆ ಉರಿಸಿಕೊಂಡವರುಂಟು. ಮೆಣಸು ಹೆಚ್ಚು ಹಾಕಿದಷ್ಟೂ ಗುಣ ಹೆಚ್ಚು ಎಂಬ ಲೆಕ್ಕ ಸರಿಯಲ್ಲ.

ಜೇನುತುಪ್ಪಕ್ಕೆ ಮಾತ್ರ ಅಜ್ಜಿಯ ಮಾತಿನ ಜೊತೆಗೆ ಪರೀಕ್ಷೆಯ ಆಧಾರವೂ ಇದೆ. ಮಲಗುವ ಮುಂಚೆ ಅರ್ಧದಿಂದ ಒಂದು ಚಹಾ ಚಮಚ ಜೇನು ಕೊಟ್ಟಾಗ ಮಕ್ಕಳ ರಾತ್ರಿಯ ಕೆಮ್ಮು ತಗ್ಗಿದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿ ಸ್ನಾಯುಗಳನ್ನು ಸೋಲಿಸುತ್ತದೆ. ಸಕ್ಕರೆ ಕಾಯಿಲೆಯವರು ಜೇನು, ಬೆಲ್ಲ ಎರಡರಿಂದಲೂ ದೂರವಿರುವುದು ಲೇಸು.

ಹಿತ್ತಲ ಬೇಲಿಯಲ್ಲಿ ಬೆಳೆಯುವ ಆಡುಸೋಗೆಯನ್ನು ಹಳಬರು ಕಫಕ್ಕೆ ಬಳಸುತ್ತಿದ್ದರು. ಅದು ಬರೀ ಹಳ್ಳಿಮದ್ದಲ್ಲ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಮಾದರಿಯಲ್ಲೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ತಯಾರಾಯಿತು. ನೀವು ಅಂಗಡಿಯಲ್ಲಿ ಕೊಳ್ಳುವ ಅನೇಕ ಸಿರಪ್ಪುಗಳಲ್ಲಿ ಅದೋ, ಅದರ ತಮ್ಮನಾದ ಅಂಬ್ರಾಕ್ಸಾಲೋ ಇರುತ್ತದೆ. ಗರ್ಭಿಣಿಯರು ಆಡುಸೋಗೆಯನ್ನು ಮುಟ್ಟಬಾರದು, ಅದು ಗರ್ಭಕೋಶವನ್ನು ಕುಗ್ಗಿಸಬಲ್ಲದು. ಜ್ಯೇಷ್ಠಮಧು ಚೀಪುವುದು ಗಂಟಲಿಗೆ ಹಿತ, ಆದರೆ ದಿನಗಟ್ಟಲೆ ಚೀಪಿದರೆ ರಕ್ತದೊತ್ತಡ ಏರುತ್ತದೆ. ಅರಿಶಿನದ ಹಾಲು ಕುಡಿಯಬಹುದು. ಹಾಲಿನಿಂದ ಕಫ ಹೆಚ್ಚುತ್ತದೆ ಎಂದು ಮಕ್ಕಳಿಗೆ ಹಾಲು, ಬಾಳೆಹಣ್ಣು ನಿಲ್ಲಿಸುವವರಿದ್ದಾರೆ, ಅದಕ್ಕೆ ಆಧಾರವಿಲ್ಲ. ಕಾಯಿಲೆಯಲ್ಲಿ ಮಗುವಿಗೆ ಊಟ ಇನ್ನಷ್ಟು ಬೇಕು.

ಹಬೆ ತೆಗೆದುಕೊಂಡರೆ ಮೂಗು ಬಿಟ್ಟು ಸ್ವಲ್ಪ ಹೊತ್ತು ಸುಖವೆನಿಸುತ್ತದೆ, ರೋಗವೇನೂ ವಾಸಿಯಾಗದು. ದೊಡ್ಡವರು ಎಚ್ಚರದಿಂದ ಮಾಡಲಿ. ಚಿಕ್ಕ ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಮುಂದೆ ಕೂರಿಸಿ ಮೇಲೆ ಚಾದರ ಹೊದಿಸುವುದು ಬೇಡ. ಪಾತ್ರೆ ಮಗುಚಿ ತೊಡೆ ಸುಟ್ಟರೆ ಕೆಮ್ಮಿಗಿಂತ ದೊಡ್ಡ ಕಾಯಿಲೆ.

ಕಫ ತೆಗೆಯಲೂ ಒಂದು ರೀತಿ ಇದೆ. ಕುರ್ಚಿಯಲ್ಲಿ ತುಸು ಮುಂದಕ್ಕೆ ಬಾಗಿ ಕುಳಿತು, ನಿಧಾನವಾಗಿ ಆಳವಾಗಿ ಉಸಿರೆಳೆದು, ಎರಡು ಮೂರು ಎಣಿಸುವವರೆಗೆ ಹಿಡಿದು, ಕನ್ನಡಿಗೆ ಉಸಿರು ಊದಿ ಒರೆಸುವಾಗ ಮಾಡುವಂತೆ ಬಾಯಿ ತೆರೆದು ‘ಹಾ’ ಎಂದು ಜೋರಾಗಿ ಬಿಡಿ. ಎರಡು ಮೂರು ಸಲ ಹೀಗೆ ಮಾಡಿ ಕೊನೆಗೊಮ್ಮೆ ಕೆಮ್ಮಿದರೆ ಗಂಟೆಗಟ್ಟಲೆ ಕೆಮ್ಮಿ ಬರದ ಕಫ ಬರುತ್ತದೆ. ವಯಸ್ಸಾದವರಿಗೆ ಇದು ಬಹಳ ಉಪಯೋಗ.

ಕೂಸುಗಳ ವಿಷಯ

ಕೂಸುಗಳಿಗೆ ಮನೆಮದ್ದಿನ ಹೆಸರಿನಲ್ಲಿ ಮಾಡುವ ಕೆಲವನ್ನು ಬಿಡಲೇಬೇಕು. ಬಾಣಂತಿ ಕೋಣೆಯಲ್ಲಿ ಶೇಗಡಿಗೆ ಲೋಬಾನ ಹಾಕಿ ಕೂಸಿಗೆ ಹೊಗೆ ಹಿಡಿಯುವುದು ನಮ್ಮ ಭಾಗದಲ್ಲಿ ವಾಡಿಕೆ. ಆ ಹೊಗೆ ಎಳೆಯ ಶ್ವಾಸನಾಳಕ್ಕೆ ಬೀಡಿಯ ಹೊಗೆಯಷ್ಟೇ ವೈರಿ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ಅಲ್ಲಿಯೇ ಉಳಿದು ನ್ಯುಮೋನಿಯಾ ತರಬಹುದು. ಕರ್ಪೂರದ ಮುಲಾಮನ್ನು ಎರಡು ವರ್ಷದೊಳಗಿನವರಿಗೆ ಹಚ್ಚಬಾರದು. ಪಕ್ಕೆ ಸೆಳೆಯುತ್ತಿದೆಯೆಂದು ಹೊಟ್ಟೆಗೆ ಬರೆ ಹಾಕಿಸುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಪಕ್ಕೆ ಸೆಳೆತವೆಂದರೆ ಉಸಿರಿಗಾಗಿ ಕೂಸು ಪಡುವ ಒದ್ದಾಟ. ಬರೆ ಹಾಕಿ ಕಳೆಯುವ ಒಂದೊಂದು ತಾಸೂ ಅದರ ಜೀವಕ್ಕೆ ಎರವು.

ಸಿರಪ್ಪಿನ ಬಗ್ಗೆಯೂ ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು.

ತಾಯಂದಿರು ಗಡಿಯಾರ ಹಿಡಿದು ಉಸಿರು ಎಣಿಸಲು ಕಲಿಯಬೇಕು. ಮಗು ಅಳದೆ ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ನೋಡಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚು ಬಂದರೆ ನ್ಯುಮೋನಿಯಾದ ಶಂಕೆ. ಪಕ್ಕೆ ಒಳಸೇದುತ್ತಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಕಷಾಯದ ಪಾತ್ರೆ ಇಳಿಸಿ ಹೊರಡಿ.

ಹದಿನಾಲ್ಕು ದಿನಗಳ ಲೆಕ್ಕ

ಕೆಮ್ಮು ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ವಾರ ದಾಟಿದರೆ ಕಫದ ಪರೀಕ್ಷೆ ಮಾಡಿಸಬೇಕು, ಕ್ಷಯ ಇದೆಯೋ ಇಲ್ಲವೋ ತಿಳಿಯಲು. ಸಾದಾ ಕೆಮ್ಮೇ ಎರಡೂವರೆ ವಾರ ಇರುತ್ತದೆ ಎಂದ ಮೇಲೆ ಇದೇಕೆ ಎನ್ನಬಹುದು. ಹಾಗೆ ಪರೀಕ್ಷಿಸಿಕೊಂಡ ಬಹಳಷ್ಟು ಜನರಿಗೆ ಕ್ಷಯ ಇರುವುದಿಲ್ಲ ನಿಜ. ಆದರೆ ಇದ್ದವರು ಕಾಯುತ್ತ ಕೂತರೆ ಅದೇ ಸೂರಿನಡಿ ಮಲಗುವ ಮೊಮ್ಮಕ್ಕಳಿಗೂ ಅಂಟುತ್ತದೆ. ‘ಅಜ್ಜನದು ಬೀಡಿ ಕೆಮ್ಮು, ಹಳೆಯದು’ ಎಂದು ಮನೆಯವರು ಸುಮ್ಮನಿರುವುದೇ ದೊಡ್ಡ ಅಪಾಯ. ಹಳೆಯ ಕೆಮ್ಮು ಇದ್ದವರಿಗೂ ಅದರ ರೀತಿ ಬದಲಾದರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಕಂಡರೆ ಹೊಸದಾಗಿ ಲೆಕ್ಕ ಶುರುಮಾಡಬೇಕು. ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಬೇಗ ತೋರಿಸಲಿ, ಅವರಿಗೆ ಕ್ಷಯ ತಗಲುವ ಸಂಭವ ಹೆಚ್ಚು.

ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಕ್ಷಯದ ಹೆಸರೆತ್ತಲು ಹಿಂಜರಿಯುತ್ತಾರೆ, ಗುಟ್ಟಾಗಿ ಕಷಾಯ ಕುಡಿಸುತ್ತಾರೆ. 1882ರಲ್ಲಿ ರಾಬರ್ಟ್ ಕಾಕ್ ಇದರ ರೋಗಾಣುವನ್ನು ತೋರಿಸಿದಂದಿನಿಂದ ಇದು ವಂಶದ ಶಾಪವಲ್ಲ, ಅಂಟುರೋಗ ಎಂಬುದು ಗೊತ್ತಿರುವ ಸಂಗತಿ. ಸಾಮಾನ್ಯ ಕ್ಷಯ ಆರು ತಿಂಗಳ ಔಷಧದಿಂದ ಗುಣವಾಗುತ್ತದೆ, ಔಷಧವನ್ನು ನಡುವೆ ಬಿಡಬಾರದು ಅಷ್ಟೇ. ಪರೀಕ್ಷೆ, ಔಷಧ ಎರಡೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು 2018ರಿಂದ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000ಕ್ಕೆ ಏರಿಸಲಾಗಿದೆ.

ಹುಬ್ಬಳ್ಳಿಯವರು ವಿದ್ಯಾನಗರದಲ್ಲಿ ಜನ ಇಂದಿಗೂ ‘ಕಿಮ್ಸ್’ ಎಂದೇ ಕರೆಯುವ ಸರಕಾರಿ ಆಸ್ಪತ್ರೆಗೆ, ಧಾರವಾಡದವರು ಜಿಲ್ಲಾ ಆಸ್ಪತ್ರೆಗೆ, ಹಳ್ಳಿಯವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಬಹುದು. ಅಲ್ಲಿ ಕೊಡುವ ಡಬ್ಬಿಯನ್ನು ಮನೆಗೆ ತಂದು, ಬೆಳಿಗ್ಗೆ ಎದ್ದೊಡನೆ ಚಹಾಕ್ಕೂ ಮುಂಚೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಅಂಗಳದಲ್ಲೋ ಮಾಳಿಗೆಯ ಮೇಲೋ ಬಯಲಲ್ಲಿ ನಿಂತು, ಮೇಲೆ ಹೇಳಿದಂತೆ ‘ಹಾ’ ಎಂದು ಉಸಿರು ಬಿಟ್ಟು ಎದೆಯಾಳದಿಂದ ಕೆಮ್ಮಿ ಕಫ ತೆಗೆಯಿರಿ. ಬಾಯಿಯ ಉಗುಳು ಪರೀಕ್ಷೆಗೆ ಬರುವುದಿಲ್ಲ. ಡಬ್ಬಿಯ ಮುಚ್ಚಳ ಬಿಗಿ ಮಾಡಿ, ಹೆಸರು ಬರೆದು, ಬಿಸಿಲಿಗೆ ಇಡದೆ ಅಂದೇ ತಲುಪಿಸಿ.